ಕೆಲಸಕ್ಕಾಗಿ ಊರು ಬದಲಾದಾಗ ರಿಸರ್ವ್ ಯೂನಿಟ್ ಬದಲಿಸುವುದು ಹೇಗೆ: ಅಮೆರಿಕದ ಆರ್ಮಿ ರಿಸರ್ವ್, ನ್ಯಾಷನಲ್ ಗಾರ್ಡ್‌ನಲ್ಲಿರುವವರಿಗೆ ಸಮಗ್ರ ಮಾರ್ಗದರ್ಶಿ

ಹೊಸ ಊರಲ್ಲಿ ಕೆಲಸ ಸಿಕ್ಕಿತು. ಸಾಮಾನು ಸಾಗಿಸಿದ್ದಾಯಿತು. ಹಳೆ ಯೂನಿಟ್‌ಗೆ ಒಂದು ಇಮೇಲ್ ಹಾಕಿದಿರಿ. ಹೊಸ ಊರಿನ ಯೂನಿಟ್‌ಗೆ ಫೋನ್ ಮಾಡಿದಾಗ ಒಬ್ಬ ಸಾರ್ಜೆಂಟ್ 'ಬನ್ನಿ, ನಮ್ಮಲ್ಲಿ ಜಾಗ ಇದೆ' ಅಂದರು. ಅಲ್ಲಿಗೆ ಟ್ರಾನ್ಸ್‌ಫರ್ ಮುಗಿಯಿತು ಅಂದುಕೊಂಡಿರಿ. ಎರಡು ಮೂರು ತಿಂಗಳು ಕಳೆದ ಮೇಲೆ ಸರ್ಟಿಫೈಡ್ ಮೇಲ್‌ನಲ್ಲಿ ಒಂದು ಕಾಗದ ಬರುತ್ತದೆ. ನೀವು ಡ್ರಿಲ್‌ಗೆ, ಅಂದರೆ ಯೂನಿಟ್‌ನ ತಿಂಗಳ ವಾರಾಂತ್ಯದ ತರಬೇತಿಗೆ, ಕಾರಣವಿಲ್ಲದೆ ಗೈರಾಗಿದ್ದೀರಿ ಅಂತ.

ನನಗೂ ಆಗಿದ್ದು ಇದೇ. ಆ ಕಾಗದದಲ್ಲಿ ನನ್ನ ಹೆಸರಿನ ಮುಂದೆ 8 ಗೈರು ಅಂತ ಇತ್ತು. ನಾನು ತಪ್ಪಿಸಿದ್ದು ಎರಡೇ ವಾರಾಂತ್ಯ. ಅದನ್ನು ಸರಿಪಡಿಸಿಕೊಳ್ಳಲು ಹಿಡಿದ ಸಮಯ ಟ್ರಾನ್ಸ್‌ಫರ್‌ಗೆ ಹಿಡಿದ ಸಮಯಕ್ಕಿಂತ ಜಾಸ್ತಿ. ಆಮೇಲೆ ನೋಡಿದರೆ, ಇದರಲ್ಲಿ ಎಡವುವ ಬಹುತೇಕರು ಎಡವುವುದು ಇದೇ ಜಾಗದಲ್ಲಿ. ಹೆಜ್ಜೆಗಳು ಕಷ್ಟದವಲ್ಲ, ಅವುಗಳ ಕ್ರಮ ತಪ್ಪಿದಾಗಲೇ ಎಲ್ಲ ಕೆಡುವುದು.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಯೂನಿಟ್‌ನ ಆರ್ಡರ್ ನಿಮ್ಮ ಕೈಗೆ ಬಂದು, ಅದರಲ್ಲಿ ಬರೆದ ದಿನಾಂಕ ಬರುವವರೆಗೂ ನೀವು ಹಳೆ ಯೂನಿಟ್‌ನವರೇ. ಫೋನಲ್ಲಿ ಯಾರು ಏನೇ ಹೇಳಿರಲಿ.

ಈ ಬರಹ ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ, ಇಲ್ಲವೇ ರಾಜ್ಯವಾರು ಇರುವ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿದ್ದು, ವಾರದ ದಿನಗಳಲ್ಲಿ ಬೇರೆ ಕೆಲಸ ಮಾಡುವವರಿಗೆ. ನೌಕಾಪಡೆ, ವಾಯುಪಡೆ, ಮರೀನ್ ರಿಸರ್ವ್‌ಗಳಲ್ಲಿ ಫಾರ್ಮ್‌ಗಳು ಬೇರೆ. ಉದಾಹರಣೆಗೆ ವಾಯುಪಡೆ ರಿಸರ್ವ್‌ನಲ್ಲಿ ಫಾರ್ಮ್ 1288 ಬಳಸುತ್ತಾರೆ. ಆದರೆ ಕೆಲಸ ಕೊಟ್ಟವರ ಬಗ್ಗೆ 6ನೇ ಹಂತದಲ್ಲಿ ಬರೆದಿರುವುದು ಎಲ್ಲರಿಗೂ ಅನ್ವಯಿಸುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಒಂದು ಫೋಲ್ಡರ್ ಮಾಡಿ. ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ, ಕಾಗದದಲ್ಲಿ ಒಂದು ಪ್ರತಿ. ಸೈನ್ಯದ ವೆಬ್‌ಸೈಟ್‌ನಲ್ಲಿ ಇದೆಯಲ್ಲ ಅಂತ ಬಿಡಬೇಡಿ. ಆ ವೆಬ್‌ಸೈಟ್‌ಗೆ ಲಾಗಿನ್ ಆಗುವ ಸಿಎಸಿ ಗುರುತಿನ ಕಾರ್ಡ್ ಕೈಕೊಟ್ಟ ದಿನವೇ ಆ ಕಾಗದ ಬೇಕಾಗುತ್ತದೆ.

ಅದರಲ್ಲಿ ಇರಬೇಕಾದ್ದು: ಸೇರಿದಾಗ ಸಹಿ ಹಾಕಿದ ಕಾಂಟ್ರ್ಯಾಕ್ಟ್ (ಡಿಡಿ ಫಾರ್ಮ್ 4), ಬೋನಸ್ ಇದ್ದರೆ ಅದರ ಒಪ್ಪಂದ, ಈವರೆಗಿನ ಎಲ್ಲ ಡಿಡಿ 214ಗಳು (ಪೂರ್ಣಾವಧಿ ಸೇವೆ ಮುಗಿದಾಗ ಕೊಡುವ ದಾಖಲೆ), ಈಗಿನ ಯೂನಿಟ್‌ಗೆ ಬಂದ ಆರ್ಡರ್, ನಿಮ್ಮ ಎಂಒಎಸ್ (ಸೈನ್ಯದಲ್ಲಿ ನಿಮ್ಮ ಕೆಲಸದ ವಿಭಾಗ) ತರಬೇತಿಯ ಪ್ರಮಾಣಪತ್ರ, ಇತ್ತೀಚಿನ ಫಿಟ್‌ನೆಸ್ ಟೆಸ್ಟ್ ಫಲಿತಾಂಶ, ವರ್ಷದ ಆರೋಗ್ಯ ತಪಾಸಣೆ ಮತ್ತು ಹಲ್ಲಿನ ತಪಾಸಣೆಯ ದಿನಾಂಕ, ಮತ್ತು ನಿವೃತ್ತಿ ಪಾಯಿಂಟ್‌ಗಳ ಪಟ್ಟಿ. ಈ ಕೊನೆಯದನ್ನು ರಿಸರ್ವ್‌ನಲ್ಲಿ ಡಿಎ 5016 ಅನ್ನುತ್ತಾರೆ, ಗಾರ್ಡ್‌ನಲ್ಲಿ ಎನ್‌ಜಿಬಿ 23.

ಪಾಯಿಂಟ್ ಪಟ್ಟಿಯನ್ನು ಈಗಲೇ ಇಳಿಸಿಕೊಳ್ಳಿ. ಯೂನಿಟ್ ಬದಲಾದ ಮೇಲೆ ಹಳೆ ತಪ್ಪು ಕಣ್ಣಿಗೆ ಬಿದ್ದರೆ ಸರಿಪಡಿಸುವವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಹಂತ 1: ನಿಮ್ಮದು ಯಾವ ಬಗೆಯ ಟ್ರಾನ್ಸ್‌ಫರ್ ಅಂತ ಗುರುತಿಸಿ

ನಾಲ್ಕು ದಾರಿಗಳಿವೆ. ನಾಲ್ಕಕ್ಕೂ ಕಾಗದ ಬೇರೆ, ಮಾತಾಡಬೇಕಾದವರೂ ಬೇರೆ.

ರಿಸರ್ವ್‌ನ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ. ಇದು ಎಲ್ಲಕ್ಕಿಂತ ಸುಲಭ. ಆರ್ಮಿ ರಿಸರ್ವ್ ದೇಶಕ್ಕೆಲ್ಲ ಒಂದೇ ಆದ್ದರಿಂದ ನೀವು ಬಿಟ್ಟು ಮತ್ತೆ ಸೇರುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಇದಕ್ಕೆ ಬಳಸುವ ಫಾರ್ಮ್ ಡಿಎ 4651.

ಒಂದು ರಾಜ್ಯದ ಗಾರ್ಡ್‌ನಿಂದ ಇನ್ನೊಂದು ರಾಜ್ಯದ ಗಾರ್ಡ್‌ಗೆ. ಇದಕ್ಕೆ ಇಂಟರ್‌ಸ್ಟೇಟ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಪ್ರತಿ ರಾಜ್ಯದಲ್ಲೂ ಇದನ್ನೇ ನೋಡಿಕೊಳ್ಳುವ ಒಬ್ಬ ಕೋಆರ್ಡಿನೇಟರ್ ಇರುತ್ತಾರೆ. ಎರಡು ರಾಜ್ಯದ ಕೋಆರ್ಡಿನೇಟರ್‌ಗಳು ಪರಸ್ಪರ ಮಾತಾಡಿದ ಮೇಲೆಯೇ ಕೆಲಸ ಮುಂದೆ ಹೋಗುವುದು.

ಗಾರ್ಡ್‌ನಿಂದ ರಿಸರ್ವ್‌ಗೆ, ಅಥವಾ ರಿಸರ್ವ್‌ನಿಂದ ಗಾರ್ಡ್‌ಗೆ. ಇಲ್ಲಿ ಈಗಿನವರು ನಿಮ್ಮನ್ನು ಬಿಟ್ಟುಕೊಡಲು ಒಪ್ಪಬೇಕು. ಆ ಒಪ್ಪಿಗೆಯ ಕಾಗದ ಡಿಡಿ ಫಾರ್ಮ್ 368. ಗಾರ್ಡ್‌ಗೆ ಸೇರುವಾಗ ಆ ರಾಜ್ಯಕ್ಕೂ ಸೇರಿಸಿ ಹೊಸದಾಗಿ ಪ್ರಮಾಣ ಮಾಡುತ್ತೀರಿ. ಗಾರ್ಡ್ ಬಿಡುವಾಗ ಎನ್‌ಜಿಬಿ ಫಾರ್ಮ್ 22 ಕೊಡುತ್ತಾರೆ, ಅದನ್ನು ಕೇಳಿ ಪಡೆಯಿರಿ.

ನಾಲ್ಕನೆಯದು ಐಆರ್‌ಆರ್‌ಗೆ ಹೋಗುವುದು. ಅಂದರೆ ಯಾವ ಯೂನಿಟ್‌ನಲ್ಲೂ ಡ್ರಿಲ್ ಮಾಡದೆ ಹೆಸರು ಮಾತ್ರ ಪಟ್ಟಿಯಲ್ಲಿ ಇರುವುದು. ಊರು ಬದಲಿಸುವವರಿಗೆ ಕೆಲವರು ಕೊಡುವ ಸಲಹೆ ಇದೇ: 'ಸದ್ಯಕ್ಕೆ ಐಆರ್‌ಆರ್‌ಗೆ ಹೋಗಿ, ಆಮೇಲೆ ನೋಡೋಣ'. ಕೇಳಲು ಹಗುರ. ಆದರೆ ಡ್ರಿಲ್ ಸಂಬಳ ನಿಲ್ಲುತ್ತದೆ. ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಆರೋಗ್ಯ ವಿಮೆಗೆ ಅರ್ಹತೆ ಹೋಗುತ್ತದೆ. ರಿಸರ್ವ್‌ನವರ ಜಿಐ ಬಿಲ್ ಓದಿನ ಹಣ ನಿಲ್ಲುತ್ತದೆ. ಸುಮ್ನೆ ಇದ್ದರೆ ವರ್ಷಕ್ಕೆ ಸಿಗುವುದು 15 ಪಾಯಿಂಟ್, ನಿವೃತ್ತಿಗೆ ಲೆಕ್ಕಕ್ಕೆ ಬರುವ ವರ್ಷಕ್ಕೆ 50 ಬೇಕು. ಬೇಕೆಂದೇ ವಿರಾಮ ತೆಗೆದುಕೊಳ್ಳುವವರಿಗೆ ಅದು ಸರಿಯಾದ ದಾರಿ. ಟ್ರಾನ್ಸ್‌ಫರ್‌ಗೆ ಬದಲಿಯಾಗಿ ಅದನ್ನು ಬಳಸಬೇಡಿ.

ಎಚ್ಚರ: ಡಿಎ 4651 ಫಾರ್ಮ್ ಯೂನಿಟ್ ಬದಲಿಸಲೂ ಬಳಕೆಯಾಗುತ್ತದೆ, ಐಆರ್‌ಆರ್‌ಗೆ ಕಳಿಸಲೂ ಬಳಕೆಯಾಗುತ್ತದೆ. ಯಾರೋ ತುಂಬಿಟ್ಟ ಫಾರ್ಮ್‌ಗೆ ಸಹಿ ಹಾಕುವ ಮುಂಚೆ ಎಲ್ಲಿಗೆ ಅಂತ ಬರೆದಿದೆ ಓದಿ.

ಹಂತ 2: ನಿಮ್ಮನ್ನು ತಡೆಯುವುದು ಏನಾದರೂ ಇದೆಯಾ ನೋಡಿ

ಅರ್ಜಿ ಹಾಕಿ ಎರಡು ತಿಂಗಳು ಕಾದ ಮೇಲೆ 'ನಿಮ್ಮ ಮೇಲೆ ಫ್ಲ್ಯಾಗ್ ಇದೆ' ಅಂತ ಉತ್ತರ ಬಂದರೆ ಬೇಜಾರಾಗುತ್ತದೆ ಅಲ್ವಾ? ಫಿಟ್‌ನೆಸ್ ಟೆಸ್ಟ್ ಪಾಸಾಗದಿದ್ದರೆ, ಎತ್ತರಕ್ಕೆ ತಕ್ಕ ತೂಕ ಮೀರಿದ್ದರೆ, ಯಾವುದಾದರೂ ವಿಚಾರಣೆ ನಡೆಯುತ್ತಿದ್ದರೆ ಫ್ಲ್ಯಾಗ್, ಅಂದರೆ ಟ್ರಾನ್ಸ್‌ಫರ್‌ನಂಥದ್ದನ್ನು ತಡೆಹಿಡಿಯುವ ಗುರುತು, ಹಾಕಿರುತ್ತಾರೆ. ಎಷ್ಟೋ ಸಲ ಕಾರಣ ಮುಗಿದಿರುತ್ತದೆ, ಆದರೆ ಫ್ಲ್ಯಾಗ್ ತೆಗೆಯಲು ಮರೆತಿರುತ್ತಾರೆ. ನಿಮ್ಮ ಯೂನಿಟ್ ಅಡ್ಮಿನಿಸ್ಟ್ರೇಟರ್ ಅಥವಾ ರೆಡಿನೆಸ್ ಎನ್‌ಸಿಒ (ಗಾರ್ಡ್ ಯೂನಿಟ್‌ನ ಕಚೇರಿ ಕೆಲಸ ನೋಡುವ ಸಾರ್ಜೆಂಟ್) ಹತ್ತಿರ ನೇರವಾಗಿ ಕೇಳಿ: 'ನನ್ನ ಹೆಸರಲ್ಲಿ ಯಾವುದಾದರೂ ಫ್ಲ್ಯಾಗ್ ತೆರೆದಿದೆಯಾ?'

ಎರಡನೆಯದು ಬೋನಸ್. ಬೋನಸ್ ಒಪ್ಪಂದ ಬಹಳ ಸಲ ಒಂದು ಎಂಒಎಸ್‌ಗೆ, ಕೆಲವು ಸಲ ಒಂದು ಯೂನಿಟ್‌ಗೆ ಕಟ್ಟಿರುತ್ತದೆ. ಬೇರೆ ಎಂಒಎಸ್ ಜಾಗಕ್ಕೆ ಹೋದರೆ ಉಳಿದ ಕಂತು ನಿಲ್ಲಬಹುದು, ಕೊಟ್ಟಿದ್ದನ್ನೂ ವಾಪಸ್ ಕೇಳಬಹುದು. ಒಪ್ಪಂದದಲ್ಲಿ ಟ್ರಾನ್ಸ್‌ಫರ್ ಬಗ್ಗೆ ಇರುವ ಭಾಗವನ್ನು ನೀವೇ ಓದಿ. ಆಮೇಲೆ ಕರಿಯರ್ ಕೌನ್ಸೆಲರ್‌ಗೆ ಇಮೇಲ್‌ನಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ.

ಮೂರನೆಯದು ಮೊಬಿಲೈಸೇಶನ್, ಅಂದರೆ ಯೂನಿಟ್ಟನ್ನೇ ಪೂರ್ಣಾವಧಿ ಸೇವೆಗೆ ಕರೆಯುವುದು. ಹಳೆ ಯೂನಿಟ್‌ಗೆ ಹೊರಡುವ ಸೂಚನೆ ಬಂದಿದ್ದರೆ ನಿಮ್ಮನ್ನು ಬಿಡದೇ ಇರಬಹುದು. ಇದನ್ನು ಹೊಸ ಯೂನಿಟ್‌ಗೂ ಕೇಳಿ. ಹೊಸ ಕೆಲಸ ಸೇರಿದ ಮೂರನೇ ತಿಂಗಳಿಗೆ ಒಂದು ವರ್ಷ ಹೊರಡಬೇಕಾಗಿ ಬಂದರೆ ಕಾನೂನಿನ ರಕ್ಷಣೆ ಇದೆ, ಸರಿ. ಆದರೂ ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಸಿಕ್ಕಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹಂತ 3: ಖಾಲಿ ಜಾಗ ಹುಡುಕಿ, ಆಮೇಲೆ ಅರ್ಜಿ

ಬಹಳ ಜನ ಮೊದಲು ಫಾರ್ಮ್ ತುಂಬುತ್ತಾರೆ. ಹೋಗುವ ಜಾಗ ಗೊತ್ತಿಲ್ಲದ ಫಾರ್ಮ್ ಯಾರ ಮೇಜಿನ ಮೇಲೂ ಮುಂದಕ್ಕೆ ಸರಿಯುವುದಿಲ್ಲ.

ರಿಸರ್ವ್‌ನಲ್ಲಿ ಆರ್ಮಿ ರಿಸರ್ವ್ ಕರಿಯರ್ ಕೌನ್ಸೆಲರ್, ಗಾರ್ಡ್‌ನಲ್ಲಿ ಹೊಸ ರಾಜ್ಯದ ರಿಟೆನ್ಶನ್ ಎನ್‌ಸಿಒ ಖಾಲಿ ಜಾಗಗಳನ್ನು ನೋಡಿ ಹೇಳುತ್ತಾರೆ. ಅವರಿಗೆ ನಿಮ್ಮ ಎಂಒಎಸ್, ರ‍್ಯಾಂಕ್, ಹೊಸ ಮನೆಯ ಪಿನ್‌ಕೋಡ್ ಕೊಡಿ. ಅವರಿಂದ ನೀವು ಬರೆಸಿಕೊಳ್ಳಬೇಕಾದ್ದು ಮೂರು: ಯೂನಿಟ್‌ನ ಯುಐಸಿ (ಯೂನಿಟ್‌ನ ಗುರುತಿನ ಕೋಡ್), ಯೂನಿಟ್‌ನ ಹುದ್ದೆಗಳ ಪಟ್ಟಿಯಲ್ಲಿ ಆ ಹುದ್ದೆಯ ಪ್ಯಾರಾಗ್ರಾಫ್ ಮತ್ತು ಲೈನ್ ನಂಬರ್, ಹುದ್ದೆಯ ಎಂಒಎಸ್ ಮತ್ತು ರ‍್ಯಾಂಕ್. ಈ ಮೂರು ಇದ್ದರೆ ಅದು ನಿಜವಾದ ಜಾಗ. 'ಬನ್ನಿ, ಏನಾದರೂ ಮಾಡೋಣ' ಅನ್ನುವುದು ಜಾಗ ಅಲ್ಲ.

ಎಂಒಎಸ್ ಹೊಂದದ ಜಾಗ ಒಪ್ಪಿಕೊಂಡರೆ ಹೊಸ ಎಂಒಎಸ್ ಕಲಿಯಲು ಶಾಲೆಗೆ ಹೋಗಬೇಕು. ಅದು ವಾರಗಟ್ಟಲೆ ಕೆಲಸ ಬಿಟ್ಟಿರುವ ಮಾತು. ಹೊಸದಾಗಿ ಕೆಲಸ ಸೇರಿದವರು ಆ ಶಾಲೆ ಎಷ್ಟು ವಾರ, ಯಾವಾಗ ಅಂತ ಕೇಳಿಯೇ ಒಪ್ಪಿಕೊಳ್ಳಿ.

ದೂರವನ್ನೂ ಅಳೆಯಿರಿ. ರಿಸರ್ವ್‌ನ ನಿಯಮದಲ್ಲಿ ಓಡಾಡಬಹುದಾದ ದೂರ ಸಾಮಾನ್ಯವಾಗಿ 50 ಮೈಲಿ ಅಥವಾ ಒಂದೂವರೆ ಗಂಟೆ. ಯೂನಿಟ್ ಎರಡು ದಿನ ಒಟ್ಟಿಗೆ ಡ್ರಿಲ್ ಮಾಡಿಸಿ ಊಟ, ವಸತಿ ಕೊಡುವುದಾದರೆ 100 ಮೈಲಿ ಅಥವಾ ಮೂರು ಗಂಟೆ. ಅದಕ್ಕಿಂತ ದೂರದ ಯೂನಿಟ್‌ಗೆ ನೀವೇ ಇಷ್ಟಪಟ್ಟು ಹೋಗಬಹುದು, ಆದರೆ ಡ್ರಿಲ್‌ಗೆ ಹೋಗಿ ಬರುವ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಮನೆಯಿಂದ 100 ಮೈಲಿಗಿಂತ ಹೆಚ್ಚು ದೂರ ಹೋಗುವವರು ಆ ಖರ್ಚನ್ನು ಫೆಡರಲ್ ತೆರಿಗೆಯಲ್ಲಿ ಕಳೆಯಲು ಅವಕಾಶ ಇದೆ. ಪೆಟ್ರೋಲ್, ಹೋಟೆಲ್ ರಸೀದಿ ಇಟ್ಟುಕೊಳ್ಳಿ.

ಜಾಗ ಸಿಕ್ಕ ಮೇಲೆ ಆ ಯೂನಿಟ್‌ಗೆ ನೀವೇ ಫೋನ್ ಮಾಡಿ. ಆಗಿದ್ದರೆ ಒಂದು ಡ್ರಿಲ್ ದಿನ ಹೋಗಿ ನೋಡಿ. ಈ ಪ್ರಶ್ನೆಗಳನ್ನು ಕೇಳಿ: ಈ ವರ್ಷದ ಡ್ರಿಲ್ ಕ್ಯಾಲೆಂಡರ್ ಕೊಡುತ್ತೀರಾ? ವಾರ್ಷಿಕ ತರಬೇತಿ ಯಾವ ತಿಂಗಳು? ಶುಕ್ರವಾರ ಶುರುವಾಗುವ ಮೂರು ಅಥವಾ ನಾಲ್ಕು ದಿನದ ಡ್ರಿಲ್ ಎಷ್ಟಿವೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೆಲಸದಲ್ಲಿ ಕಿರಿಕಿರಿ ಶುರುವಾಗುವುದು ಆ ಶುಕ್ರವಾರಗಳಿಂದಲೇ.

ಹಂತ 4: ಅರ್ಜಿ ಹಾಕುವುದು

2023ರ ಜನವರಿಯಿಂದ ಆರ್ಮಿ, ರಿಸರ್ವ್, ಗಾರ್ಡ್ ಮೂವರಿಗೂ ಐಪಿಪಿಎಸ್-ಎ ಅನ್ನುವ ಒಂದೇ ಸಿಬ್ಬಂದಿ ವ್ಯವಸ್ಥೆ ಬಂದಿದೆ. ಕೋರಿಕೆ ಅದರಲ್ಲಿ ಹೋಗುವುದೋ, ಅದರ ಜೊತೆ 4651 ಕೂಡ ಲಗತ್ತಿಸಬೇಕೋ ಅಂತ ಯೂನಿಟ್ ಅಡ್ಮಿನಿಸ್ಟ್ರೇಟರ್‌ನ ಕೇಳಿ, ಅವರು ಹೇಳಿದಂತೆಯೇ ಮಾಡಿ. ನಿಮಗೆ ಇಷ್ಟವಾದ ರೀತಿಯಲ್ಲಿ ಕಳಿಸಿದರೆ ವಾಪಸ್ ಬರುತ್ತದೆ.

ಅರ್ಜಿಯ ಜೊತೆ ಹೋಗಬೇಕಾದ್ದು: ಹೊಸ ಯೂನಿಟ್ ಜಾಗ ಕಾಯ್ದಿರಿಸಿದೆ ಅನ್ನುವ ಇಮೇಲ್ ಅಥವಾ ಒಪ್ಪಿಗೆ ಪತ್ರ, ಆ ಮೂರು ವಿವರಗಳು, ಹೊಸ ವಿಳಾಸದ ಪುರಾವೆ, ಮತ್ತು ಎರಡು ಮೂರು ಸಾಲಿನ ಕಾರಣ. ಕಾರಣ ಸರಳವಾಗಿರಲಿ. 'ಕೆಲಸದ ನಿಮಿತ್ತ ಈ ದಿನಾಂಕದಿಂದ ಈ ಊರಿಗೆ ಬಂದಿದ್ದೇನೆ. ಈಗಿನ ಯೂನಿಟ್ ಇಷ್ಟು ಮೈಲಿ ದೂರ. ಹೊಸ ಯೂನಿಟ್‌ನಲ್ಲಿ ನನ್ನ ಎಂಒಎಸ್‌ಗೆ ಜಾಗ ಇದೆ.' ಇಷ್ಟೇ ಸಾಕು. ಹಳೆ ಯೂನಿಟ್ ಮೇಲಿನ ಬೇಸರವನ್ನು ಅಲ್ಲಿ ಬರೆಯಬೇಡಿ. ಆ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ.

ಗಾರ್ಡ್ ಮತ್ತು ರಿಸರ್ವ್ ನಡುವೆ ಹೋಗುವವರಿಗೆ ಒಂದು ವಿಷಯ. ಡಿಡಿ 368ಕ್ಕೆ ಸಹಿ ಬಿದ್ದ ಕೂಡಲೇ ನೀವು ಬಿಡುಗಡೆಯಾದಿರಿ ಅಂತಲ್ಲ. ಅದು ಷರತ್ತಿನ ಬಿಡುಗಡೆ. ನೀವು ಅಲ್ಲಿ ಸೇರಿದರೆ ಮಾತ್ರ ಇಲ್ಲಿಂದ ಬಿಡುತ್ತಾರೆ. ಅದಕ್ಕೊಂದು ಕೊನೆಯ ದಿನಾಂಕವೂ ಇರುತ್ತದೆ. ಆ ದಿನದೊಳಗೆ ಸೇರದಿದ್ದರೆ ಮತ್ತೆ ಮೊದಲಿನಿಂದ. ಆ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಡಿ.

ಹಂತ 5: ಅರ್ಜಿ ಹಾಕಿದ ದಿನದಿಂದ ಆರ್ಡರ್ ಬರುವ ದಿನದವರೆಗೆ

ಎಲ್ಲರೂ ಎಡವುವ ಜಾಗ ಇದು. ನಿಧಾನವಾಗಿ ಓದಿ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಡ್ರಿಲ್ ಅನ್ನು ನಾಲ್ಕು ಗಂಟೆಯ ತುಂಡುಗಳಾಗಿ ಎಣಿಸುತ್ತಾರೆ. ಶನಿವಾರ ಎರಡು, ಭಾನುವಾರ ಎರಡು. ಅಂದರೆ ಒಂದು ವಾರಾಂತ್ಯಕ್ಕೆ ನಾಲ್ಕು, ವರ್ಷಕ್ಕೆ 48. ನೀವು ಒಂದು ವಾರಾಂತ್ಯ ತಪ್ಪಿಸಿದರೆ ಒಂದು ಗೈರಲ್ಲ, ನಾಲ್ಕು ಗೈರು. ಒಂದು ವರ್ಷದೊಳಗೆ ಕಾರಣವಿಲ್ಲದ ಗೈರು 9 ಆದರೆ 'ತೃಪ್ತಿಕರವಾಗಿ ಭಾಗವಹಿಸದವರು' ಅನ್ನುವ ಪಟ್ಟಿಗೆ ಸೇರುತ್ತೀರಿ. ಎರಡು ವಾರಾಂತ್ಯ ತಪ್ಪಿದರೆ 8. ಮೂರನೆಯದರ ಶನಿವಾರ ಬೆಳಗ್ಗೆಯೇ 9. ಅಲ್ಲಿಂದ ಮುಂದೆ ರ‍್ಯಾಂಕ್ ಇಳಿಸುವುದು, ಸೇವೆಯಿಂದ ತೆಗೆಯುವುದು ಎಲ್ಲ ಸಾಧ್ಯ. ಟ್ರಾನ್ಸ್‌ಫರ್ ಅಂತೂ ನಿಂತೇ ಹೋಗುತ್ತದೆ.

ಟ್ರಾನ್ಸ್‌ಫರ್ ವಾರಗಳಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ, ತಿಂಗಳುಗಳ ಲೆಕ್ಕದಲ್ಲಿ ಯೋಚಿಸಿ. ಹಾಗಾದರೆ ನಡುವಿನ ಡ್ರಿಲ್‌ಗಳಿಗೆ ಏನು ಮಾಡುವುದು? ಮೂರು ದಾರಿಗಳಿವೆ.

ಹಳೆ ಯೂನಿಟ್‌ಗೇ ಹೋಗುವುದು. ಒಂದೆರಡು ತಿಂಗಳ ಮಾತಾದರೆ ಖರ್ಚಾದರೂ ಇದೇ ಸುರಕ್ಷಿತ.

ಅಟ್ಯಾಚ್‌ಮೆಂಟ್ ಆರ್ಡರ್ ಕೇಳುವುದು. ಅಂದರೆ ಹೆಸರು ಹಳೆ ಯೂನಿಟ್‌ನಲ್ಲೇ ಇರುತ್ತದೆ, ತರಬೇತಿ ಮಾತ್ರ ಹೊಸ ಯೂನಿಟ್ ಜೊತೆ. ಇದೂ 4651ರಲ್ಲೇ ಆಗುತ್ತದೆ. ಟ್ರಾನ್ಸ್‌ಫರ್ ತಡವಾಗುವ ಹಾಗಿದ್ದರೆ ನನ್ನ ಪ್ರಕಾರ ಇದೇ ಒಳ್ಳೆಯ ದಾರಿ.

ಡ್ರಿಲ್ ಅನ್ನು ಬೇರೆ ದಿನಕ್ಕೆ ಹಾಕಿಸಿಕೊಳ್ಳುವುದು. ಕಮಾಂಡರ್ ಮೊದಲೇ ಒಪ್ಪಿದರೆ ಬೇರೆ ದಿನ, ಬೇರೆ ಯೂನಿಟ್ ಜೊತೆ ತರಬೇತಿ ಮಾಡಬಹುದು. ಹಾಗೆ ಮಾಡಿದ ಪ್ರತಿ ಸಲವೂ ಡಿಎ ಫಾರ್ಮ್ 1380 ತುಂಬಿಸಿ, ಅಲ್ಲಿನ ಮೇಲಧಿಕಾರಿಯ ಸಹಿ ಹಾಕಿಸಿ, ಹಳೆ ಯೂನಿಟ್‌ಗೆ ಕಳಿಸಬೇಕು. 1380 ಇಲ್ಲದೆ ಹೊಸ ಯೂನಿಟ್‌ನಲ್ಲಿ ಎರಡು ದಿನ ಬೆವರು ಸುರಿಸಿದರೂ ನಿಮಗೆ ಸಂಬಳವೂ ಇಲ್ಲ, ಪಾಯಿಂಟೂ ಇಲ್ಲ, ಹಳೆ ಯೂನಿಟ್‌ನಲ್ಲಿ ಗೈರು ಬೇರೆ. ಇದನ್ನು ನಾನು ಬಹಳ ಸಲ ನೋಡಿದ್ದೇನೆ. ಪಾಪ, ನಿಷ್ಠೆಯಿಂದ ಡ್ರಿಲ್‌ಗೆ ಹೋಗಿರುತ್ತಾರೆ, ಕಾಗದದಲ್ಲಿ ಅವರು ಬಂದೇ ಇರುವುದಿಲ್ಲ.

ಈ ಮೂರೂ ಆಗದೆ ಡ್ರಿಲ್ ತಪ್ಪಿಸಲೇಬೇಕಾದರೆ ಕಮಾಂಡರ್‌ನಿಂದ ಮುಂಚಿತವಾಗಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸ್ಕ್ವಾಡ್ ಲೀಡರ್ ಕಳಿಸಿದ 'ಓಕೆ' ಮೆಸೇಜ್ ಸಾಲದು. ಅವರಿಗೆ ಆ ಅಧಿಕಾರ ಇಲ್ಲ.

ಪ್ರತಿ ಎರಡು ವಾರಕ್ಕೊಮ್ಮೆ ಅರ್ಜಿ ಯಾರ ಹತ್ತಿರ ಇದೆ ಅಂತ ಕೇಳಿ. 'ಆಯಿತಾ?' ಅಂತ ಕೇಳಬೇಡಿ. 'ಈಗ ಯಾರ ಹತ್ತಿರ ಇದೆ, ಅವರಿಗೆ ಏನಾದರೂ ಬೇಕಾ?' ಅಂತ ಕೇಳಿ. ಆಗ ಉತ್ತರ ಸಿಗುತ್ತದೆ.

ಅಪಾಯದ ಸೂಚನೆಗಳನ್ನೂ ಹೇಳಿಬಿಡುತ್ತೇನೆ. ಒಂದು ತಿಂಗಳಾದರೂ ಅರ್ಜಿ ಒಬ್ಬರ ಹತ್ತಿರವೇ ಇದ್ದರೆ. ಹೊಸ ಯೂನಿಟ್‌ನವರು 'ಆರ್ಡರ್ ಬೇಡ, ಸುಮ್ನೆ ಬನ್ನಿ' ಅಂದರೆ. ಹಳೆ ಯೂನಿಟ್‌ನವರು 'ನೀನು ಇನ್ನು ಬರಬೇಕಿಲ್ಲ' ಅಂತ ಬಾಯಲ್ಲಿ ಹೇಳಿ ಬರಹದಲ್ಲಿ ಕೊಡಲು ಹಿಂಜರಿದರೆ. ಯಾರೋ ದಿನಾಂಕ ಬರೆಯದ ಫಾರ್ಮ್‌ಗೆ ಸಹಿ ಕೇಳಿದರೆ. ಇವುಗಳಲ್ಲಿ ಯಾವುದೇ ಕಂಡರೂ ಆ ದಿನವೇ ಒಂದು ಇಮೇಲ್ ಹಾಕಿ, ನಡೆದ ಮಾತನ್ನು ಬರೆದು, 'ನಾನು ಅರ್ಥ ಮಾಡಿಕೊಂಡಿದ್ದು ಸರಿಯೇ?' ಅಂತ ಕೇಳಿ. ಆ ಇಮೇಲೇ ಮುಂದೆ ನಿಮ್ಮ ಕೈ ಹಿಡಿಯುವುದು.

ಹಂತ 6: ಕಂಪನಿಗೆ ಹೇಳುವುದು

ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಹೆದರಿ ಹೇಳುವುದೇ ಇಲ್ಲ, ವಾರ್ಷಿಕ ತರಬೇತಿಗೆ ರಜೆ ಹಾಕಿ ಹೋಗುತ್ತಾರೆ. ಇನ್ನು ಕೆಲವರು ಕಾನೂನು ನಮ್ಮ ಕಡೆ ಇದೆ ಅಂತ ಶುಕ್ರವಾರ ಸಂಜೆ ಹೇಳಿ ಸೋಮವಾರ ಕಾಣೆಯಾಗುತ್ತಾರೆ.

ನಿಮ್ಮನ್ನು ಕಾಯುವ ಕಾನೂನಿನ ಹೆಸರು ಯುಸೆರಾ. 1994ರದ್ದು. ಹತ್ತು ಜನರ ಅಂಗಡಿಯಿಂದ ಹಿಡಿದು ಸರ್ಕಾರಿ ಇಲಾಖೆಯವರೆಗೆ ಎಲ್ಲ ಮಾಲೀಕರಿಗೂ ಅನ್ವಯಿಸುತ್ತದೆ. ನೀವೇ ಒಪ್ಪಿಕೊಂಡು ಹೋದ ಸೇವೆಗೂ, ಕರೆದ ಸೇವೆಗೂ ರಕ್ಷಣೆ ಒಂದೇ. ಅದರಲ್ಲಿ ಟ್ರಾನ್ಸ್‌ಫರ್ ಆಗುವವರಿಗೆ ಬೇಕಾದ ಮಾತುಗಳು ಇವು.

ನೀವು ಮುಂಚಿತವಾಗಿ ತಿಳಿಸಬೇಕು. ಬಾಯಲ್ಲಿ ಹೇಳಿದರೂ ಕಾನೂನು ಒಪ್ಪುತ್ತದೆ, ಆದರೆ ಇಮೇಲ್‌ನಲ್ಲೇ ಹೇಳಿ. ಸಾಧ್ಯವಾದರೆ 30 ದಿನ ಮುಂಚೆ. ಇದಕ್ಕೆ ಮ್ಯಾನೇಜರ್‌ನ ಅನುಮತಿ ಬೇಕಿಲ್ಲ, ನೀವು ತಿಳಿಸುತ್ತಿದ್ದೀರಿ ಅಷ್ಟೇ.

ನಿಮ್ಮ ವಾರ್ಷಿಕ ರಜೆ ಬಳಸಲೇಬೇಕು ಅಂತ ಅವರು ಒತ್ತಾಯಿಸುವಂತಿಲ್ಲ. ನೀವೇ ಬಯಸಿದರೆ ಬಳಸಬಹುದು. ಆ ದಿನಗಳ ಸಂಬಳ ಕೊಡಲೇಬೇಕು ಅನ್ನುವ ನಿಯಮ ಖಾಸಗಿ ಕಂಪನಿಗಳಿಗೆ ಈ ಕಾನೂನಿನಲ್ಲಿ ಇಲ್ಲ. ಬಹಳ ಕಂಪನಿಗಳು ತಾವಾಗಿಯೇ ಕೊಡುತ್ತವೆ, ಎಚ್‌ಆರ್ ಪಾಲಿಸಿ ಓದಿ.

ನಿಮ್ಮ ಶಿಫ್ಟ್‌ಗೆ ಬದಲಿ ಆಳು ಹುಡುಕುವ ಹೊಣೆ ನಿಮ್ಮ ಮೇಲೆ ಹಾಕುವಂತಿಲ್ಲ.

ವಾಪಸ್ ಬರುವ ಸಮಯಕ್ಕೆ ನಿಯಮ ಇದೆ. 30 ದಿನದೊಳಗಿನ ಸೇವೆಯಾದರೆ, ಮನೆ ತಲುಪಿ 8 ಗಂಟೆ ವಿಶ್ರಾಂತಿಯಾದ ಮೇಲಿನ ಮುಂದಿನ ಪೂರ್ತಿ ಶಿಫ್ಟ್‌ಗೆ ಬರಬೇಕು. ಭಾನುವಾರ ರಾತ್ರಿ 9ಕ್ಕೆ ಮನೆ ಸೇರಿದರೆ ಅದೇ ರಾತ್ರಿ 11ರ ಶಿಫ್ಟ್‌ಗೆ ಬಾ ಅನ್ನುವಂತಿಲ್ಲ. ಸೋಮವಾರ ಬೆಳಗ್ಗೆ 9ರ ಕೆಲಸಕ್ಕೆ ಮಾತ್ರ ನೀವು ಬರಬೇಕು. 31ರಿಂದ 180 ದಿನದ ಸೇವೆಯಾದರೆ 14 ದಿನದೊಳಗೆ, ಅದಕ್ಕಿಂತ ಜಾಸ್ತಿಯಾದರೆ 90 ದಿನದೊಳಗೆ ವಾಪಸ್ ಬರುತ್ತೇನೆ ಅಂತ ಅರ್ಜಿ ಕೊಡಬೇಕು.

ಒಬ್ಬ ಮಾಲೀಕರ ಹತ್ತಿರ ಒಟ್ಟು ಐದು ವರ್ಷದ ಸೇವೆಯವರೆಗೆ ಈ ರಕ್ಷಣೆ. ತಿಂಗಳ ಡ್ರಿಲ್ ಮತ್ತು ವಾರ್ಷಿಕ ತರಬೇತಿ ಆ ಐದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಹೊಸ ಕಂಪನಿ ಸೇರಿದರೆ ಲೆಕ್ಕ ಹೊಸದಾಗಿ ಶುರು.

ರಿಸರ್ವ್‌ನಿಂದ ಗಾರ್ಡ್‌ಗೆ ಹೋಗುವವರು ಇನ್ನೊಂದು ನೋಡಬೇಕು. ಪ್ರವಾಹ, ಬೆಂಕಿ ಬಂದಾಗ ಗವರ್ನರ್ ಗಾರ್ಡ್‌ನವರನ್ನು ರಾಜ್ಯದ ಸೇವೆಗೆ ಕರೆಯಬಹುದು. 2021ರ ಜನವರಿಯ ತಿದ್ದುಪಡಿಯ ನಂತರ, 14 ದಿನ ಅಥವಾ ಹೆಚ್ಚಿನ ಅಂಥ ಸೇವೆ ಯುಸೆರಾದೊಳಗೆ ಬರುತ್ತದೆ. ರಾಷ್ಟ್ರೀಯ ತುರ್ತು ಪರಿಸ್ಥಿತಿ ಅಥವಾ ಅಧ್ಯಕ್ಷರು ಘೋಷಿಸಿದ ದೊಡ್ಡ ವಿಪತ್ತಿಗೆ ಸಂಬಂಧಿಸಿದ್ದೂ ಬರುತ್ತದೆ. ಉಳಿದದ್ದಕ್ಕೆ ರಾಜ್ಯದ ಕಾನೂನೇ ಆಸರೆ. ನೀವು ಒಂದು ರಾಜ್ಯದಲ್ಲಿ ಕೆಲಸ ಮಾಡಿ ಪಕ್ಕದ ರಾಜ್ಯದ ಗಾರ್ಡ್‌ನಲ್ಲಿದ್ದರೆ ಎರಡೂ ರಾಜ್ಯದ ಕಾನೂನು ನೋಡಿ.

ಯಾವಾಗ ಹೇಳಬೇಕು? ಹೊಸ ಕೆಲಸವಾದರೆ ಆಫರ್ ಲೆಟರ್ ಕೈಗೆ ಬಂದ ಮೇಲೆ, ಸೇರುವ ಮುಂಚೆ. ಇದೇ ಕಂಪನಿಯಲ್ಲಿ ಊರು ಬದಲಾಗುತ್ತಿದ್ದರೆ, ಹೊಸ ಮ್ಯಾನೇಜರ್‌ಗೆ ಮೊದಲ ವಾರದಲ್ಲೇ. ಹಳೆ ಮ್ಯಾನೇಜರ್‌ಗೆ ಗೊತ್ತಿದ್ದದ್ದು ಹೊಸಬರಿಗೆ ಗೊತ್ತಿರುವುದಿಲ್ಲ.

ಇಮೇಲ್ ಚಿಕ್ಕದಾಗಿರಲಿ. ನೀವು ರಿಸರ್ವ್‌ನಲ್ಲಿದ್ದೀರಿ, ಯೂನಿಟ್ ಬದಲಾಗುತ್ತಿದೆ, ಈವರೆಗೆ ಗೊತ್ತಿರುವ ಡ್ರಿಲ್ ದಿನಗಳು ಇವು, ಟ್ರಾನ್ಸ್‌ಫರ್ ಮುಗಿಯುವವರೆಗೆ ದಿನಗಳು ಬದಲಾಗಬಹುದು, ಬದಲಾದ ಕೂಡಲೇ ತಿಳಿಸುತ್ತೇನೆ. ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಕಳಿಸಿ. 'ಬದಲಾಗಬಹುದು' ಅನ್ನುವ ಸಾಲನ್ನು ಬಿಡಬೇಡಿ. ಎರಡು ಯೂನಿಟ್‌ಗಳ ಕ್ಯಾಲೆಂಡರ್ ನಡುವೆ ಸಿಕ್ಕಿಕೊಂಡಾಗ ನೀವು ಮಾತು ತಪ್ಪುವವರು ಅನ್ನಿಸದ ಹಾಗೆ ಕಾಯುವುದು ಆ ಒಂದು ಸಾಲು.

ಕ್ಯಾಲೆಂಡರ್‌ನ ಒಂದು ಬಲೆ: ಸೈನ್ಯದ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ವಾರ್ಷಿಕ ತರಬೇತಿ ರಿಸರ್ವ್‌ನಲ್ಲಿ ಸಾಮಾನ್ಯವಾಗಿ 14 ದಿನ, ಗಾರ್ಡ್‌ನಲ್ಲಿ 15. ನೀವು ಹಳೆ ಯೂನಿಟ್ ಜೊತೆ ಜೂನ್‌ನಲ್ಲಿ ಮುಗಿಸಿ ಜುಲೈನಲ್ಲಿ ಬದಲಾದರೆ, ಹೊಸ ಯೂನಿಟ್ ಆಗಸ್ಟ್‌ನಲ್ಲಿ ಮತ್ತೆ ಕರೆಯಬಹುದು. ಈ ವರ್ಷದ ತರಬೇತಿ ಮುಗಿಸಿದ ದಾಖಲೆಯನ್ನು ಹೊಸ ಯೂನಿಟ್‌ಗೆ ಮೊದಲ ದಿನವೇ ಕೊಡಿ.

ತಕರಾರು ಬಂದರೆ ಜಗಳಕ್ಕೆ ನಿಲ್ಲಬೇಡಿ. ಇಎಸ್‌ಜಿಆರ್ ಅನ್ನುವ ರಕ್ಷಣಾ ಇಲಾಖೆಯ ಸಂಸ್ಥೆ 1972ರಿಂದ ಇದೆ. ಅಲ್ಲಿನ ಓಂಬುಡ್ಸ್‌ಮನ್‌ಗಳು ಹಣ ಪಡೆಯದೆ ಕಂಪನಿಯ ಜೊತೆ ಮಾತಾಡುತ್ತಾರೆ. ಬಹಳ ಸಲ ಎಚ್‌ಆರ್‌ಗೆ ಕಾನೂನು ಗೊತ್ತಿರುವುದಿಲ್ಲ, ಒಂದು ಫೋನ್‌ನಲ್ಲಿ ಮುಗಿಯುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ವೆಟ್ಸ್ ವಿಭಾಗಕ್ಕೆ ದೂರು ಕೊಡಬಹುದು.

ಹಂತ 7: ಹಳೆ ಯೂನಿಟ್ ಬಿಡುವಾಗ

ಆರ್ಡರ್ ಬಂದಿತು. ಮೊದಲು ಅದರಲ್ಲಿ ಹೆಸರು, ಯುಐಸಿ, ಹುದ್ದೆ, ಜಾರಿಯಾಗುವ ದಿನಾಂಕ ನಾಲ್ಕನ್ನೂ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ.

ಯೂನಿಟ್‌ಗೆ ಸೇರಿದ ಸಾಮಾನುಗಳನ್ನು ಒಪ್ಪಿಸಿ ಸಹಿ ಮಾಡಿದ ರಸೀದಿ ಪಡೆಯಿರಿ. ನಿಮ್ಮ ಜೊತೆ ಬರುವ ಸಾಮಾನಿನ ಪಟ್ಟಿಯನ್ನೂ ಇಬ್ಬರೂ ಕೂತು ಹೋಲಿಸಿ ನೋಡಿ. ಒಂದು ಸ್ಲೀಪಿಂಗ್ ಬ್ಯಾಗ್ ಕಡಿಮೆಯಾಗಿದ್ದಕ್ಕೆ ಎರಡು ವರ್ಷದ ನಂತರ ಸಂಬಳದಲ್ಲಿ ಹಿಡಿದುಕೊಂಡರೆ, ಆಗ ರಸೀದಿ ಇಲ್ಲದೆ ಏನೂ ಮಾಡಲಾಗುವುದಿಲ್ಲ.

ಎನ್‌ಸಿಒ ಮತ್ತು ಆಫೀಸರ್‌ಗಳು ಹೊರಡುವ ಮುಂಚೆ ತಮ್ಮ ಮೌಲ್ಯಮಾಪನ ವರದಿ ಬರೆಸಿಕೊಳ್ಳಬೇಕು. ರೇಟರ್, ಅಂದರೆ ಆ ವರದಿ ಬರೆಯುವ ಮೇಲಿನವರು, ಬದಲಾದಾಗ ವರದಿ ಬೇಕಾಗುತ್ತದೆ. ಆರು ತಿಂಗಳ ನಂತರ ಫೋನ್ ಮಾಡಿದರೆ ನಿಮ್ಮ ಕೆಲಸ ಅವರಿಗೆ ನೆನಪಿರುವುದಿಲ್ಲ.

ಪ್ರಯಾಣದ ವ್ಯವಸ್ಥೆಯಾದ ಡಿಟಿಎಸ್‌ನಿಂದ ನಿಮ್ಮ ಪ್ರೊಫೈಲ್ ಬಿಡಿಸಲು ಹೇಳಿ. ಸರ್ಕಾರಿ ಟ್ರಾವೆಲ್ ಕಾರ್ಡ್ ಇದ್ದರೆ ಬಾಕಿ ತೀರಿಸಿ. ಸೆಕ್ಯುರಿಟಿ ಕ್ಲಿಯರೆನ್ಸ್ ಇದ್ದರೆ ಹೊಸ ಯೂನಿಟ್‌ನ ಸೆಕ್ಯುರಿಟಿ ಮ್ಯಾನೇಜರ್ ಯಾರು ಅಂತ ತಿಳಿದು ಇಬ್ಬರಿಗೂ ಒಂದೇ ಇಮೇಲ್ ಹಾಕಿ.

ಹಂತ 8: ಹೊಸ ಯೂನಿಟ್‌ನ ಮೊದಲ ಮೂರು ಡ್ರಿಲ್

ಮೊದಲ ಡ್ರಿಲ್‌ಗೆ ಆ ಫೋಲ್ಡರ್ ತೆಗೆದುಕೊಂಡು ಹೋಗಿ. ಹಾಜರಿ ಪಟ್ಟಿಯಲ್ಲಿ ನಿಮ್ಮ ಹೆಸರು ಅಚ್ಚಾಗಿದೆಯಾ ನೋಡಿ. ಕೆಳಗೆ ಪೆನ್ನಲ್ಲಿ ಸೇರಿಸಿದ್ದರೆ ನೀವು ಇನ್ನೂ ವ್ಯವಸ್ಥೆಯೊಳಗೆ ಬಂದಿಲ್ಲ ಅಂತ ಅರ್ಥ, ಆ ತಿಂಗಳ ಸಂಬಳ ತಡವಾಗುತ್ತದೆ.

ಮನೆಗೆ ಬಂದ ಮೇಲೆ ಡೀರ್ಸ್ (ಸೌಲಭ್ಯಗಳ ಅರ್ಹತೆಯ ದಾಖಲೆ) ಮತ್ತು ಮೈಪೇ (ಸಂಬಳದ ವೆಬ್‌ಸೈಟ್) ಎರಡರಲ್ಲೂ ವಿಳಾಸ ಬದಲಿಸಿ. ಎಸ್‌ಜಿಎಲ್‌ಐ ಜೀವವಿಮೆಯಲ್ಲಿ ನಾಮಿನಿ ಸರಿಯಿದೆಯಾ ನೋಡಿ. ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಇರುವವರು ವಿಮೆ ಚಾಲ್ತಿಯಲ್ಲಿದೆಯಾ ಅಂತ ಆ ವಾರವೇ ಫೋನ್ ಮಾಡಿ ಕೇಳಿ. ಗಾರ್ಡ್ ಮತ್ತು ರಿಸರ್ವ್ ನಡುವೆ ಹೋದವರಿಗೆ ದಾಖಲೆಯಲ್ಲಿ ಒಂದು ದಿನದ ಅಂತರ ಬಿದ್ದರೂ ವಿಮೆ ಕಡಿದುಹೋಗಬಹುದು. ಅದು ಗೊತ್ತಾಗುವುದು ಮಗುವನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ ದಿನ ಆಗಬಾರದು.

ಹೊಸ ಡ್ರಿಲ್ ಕ್ಯಾಲೆಂಡರ್ ಕೈಗೆ ಬಂದ ದಿನವೇ ಮ್ಯಾನೇಜರ್‌ಗೆ ಮತ್ತು ಎಚ್‌ಆರ್‌ಗೆ ಕಳಿಸಿ. ಹಳೆ ದಿನಾಂಕಗಳು ಇನ್ನು ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಎರಡನೇ ಡ್ರಿಲ್ ಹೊತ್ತಿಗೆ ಸಂಬಳದ ಚೀಟಿ ನೋಡಿ. ನಾಲ್ಕು ತುಂಡುಗಳ ಡ್ರಿಲ್‌ಗೆ ನಾಲ್ಕು ದಿನದ ಮೂಲ ವೇತನ ಬಂದಿರಬೇಕು. ಯಾವ ರಾಜ್ಯದ ತೆರಿಗೆ ಹಿಡಿದಿದ್ದಾರೆ ಅದನ್ನೂ ನೋಡಿ. ಹಳೆ ರಾಜ್ಯದ ಹೆಸರೇ ಇದ್ದರೆ, ನೀವು ಈಗ ಕಾಯಂ ಆಗಿ ಹೊಸ ರಾಜ್ಯದವರಾಗಿದ್ದರೆ, ಕಾಯಂ ವಾಸದ ರಾಜ್ಯ ತಿಳಿಸುವ ಡಿಡಿ ಫಾರ್ಮ್ 2058 ಕೊಡಿ.

ಮೂರನೇ ಡ್ರಿಲ್ ಮುಗಿದ ಮೇಲೆ ನಿವೃತ್ತಿ ಪಾಯಿಂಟ್‌ಗಳ ಪಟ್ಟಿಯನ್ನು ಮತ್ತೆ ಇಳಿಸಿಕೊಳ್ಳಿ. ಶುರುವಿನಲ್ಲಿ ಇಳಿಸಿಟ್ಟ ಪಟ್ಟಿಯ ಪಕ್ಕದಲ್ಲಿ ಇಟ್ಟು ಸಾಲು ಸಾಲು ಹೋಲಿಸಿ. ಮುಖ್ಯವಾಗಿ, 1380 ಕೊಟ್ಟ ದಿನಗಳು ಬಂದಿವೆಯಾ ನೋಡಿ. ನಿಮ್ಮ ಪಾಯಿಂಟ್ ವರ್ಷ ಜನವರಿಯಿಂದಲೂ ಅಲ್ಲ, ಅಕ್ಟೋಬರ್‌ನಿಂದಲೂ ಅಲ್ಲ. ಅದು ನೀವು ಸೇವೆಗೆ ಸೇರಿದ ದಿನಾಂಕದ ಮೇಲೆ ನಿಂತಿದೆ, ಪಟ್ಟಿಯ ಮೇಲೆಯೇ ಬರೆದಿರುತ್ತದೆ. ಆ ವರ್ಷ ಮುಗಿಯಲು ಒಂದೆರಡು ತಿಂಗಳಿದ್ದು 50ಕ್ಕೆ ಕೆಲವು ಪಾಯಿಂಟ್ ಕಡಿಮೆ ಬೀಳುವಂತಿದ್ದರೆ, ಹೊಸ ಯೂನಿಟ್ ಅಡ್ಮಿನಿಸ್ಟ್ರೇಟರ್ ಹತ್ತಿರ ಆ ತಿಂಗಳೇ ಕೂತು ಯಾವ ದಿನಗಳಲ್ಲಿ ತುಂಬಿಸಿಕೊಳ್ಳಬಹುದು ಅಂತ ಗುರುತು ಹಾಕಿಕೊಳ್ಳಿ.